ಮೂರು ವಾರ್ತೆ, ಒಂದೇ ಮನಸ್ಸು

ಅಯೋಧ್ಯೆಯ ಅರಮನೆಗೆ ಒಂದೇ ಹೊತ್ತಿಗೆ ಮೂರು ಶುಭವಾರ್ತೆಗಳು ಬಂದವು. ತಂದೆ ವೃಷಭನಾಥರಿಗೆ ಕೇವಲಜ್ಞಾನ ಉದಯಿಸಿತ್ತು. ಆಯುಧಶಾಲೆಯಲ್ಲಿ ಚಕ್ರರತ್ನ ಮೂಡಿತ್ತು. ಅಂತಃಪುರದಲ್ಲಿ ಪುತ್ರ ಜನಿಸಿದ್ದನು. ಮೂರೂ ಭರತನನ್ನೇ ಕರೆಯುತ್ತಿದ್ದವು. ಚಕ್ರವು ಅರ್ಥದ ಫಲ, ಪುತ್ರನು ಕಾಮದ ಫಲ. ಇವೆರಡಕ್ಕೂ ಧರ್ಮವೇ ಮೂಲವೆಂದು ನಿಶ್ಚಯಿಸಿ ಅವನು ಮೊದಲು ಜಿನೇಂದ್ರನ ಸಮವಸರಣಕ್ಕೆ ನಡೆದನು. ಉಳಿದೆರಡು ಉತ್ಸವಗಳು ಬಳಿಕ ನಡೆದವು. ಮೂರನ್ನೂ ಒಮ್ಮೆಗೇ ಹಿಡಿಯಹೋಗದೆ ಒಂದನ್ನು ಆರಿಸಿಕೊಂಡದ್ದು ಅವನ ಮೊದಲ ವಿವೇಕ.

ಆದರೆ ಆ ವಿವೇಕ ಸದಾ ಉಳಿಯಲಿಲ್ಲ. ಷಟ್ಖಂಡಗಳನ್ನು ಗೆದ್ದು ಮರಳಿದಾಗ ಚಕ್ರರತ್ನವು ಊರ ಹೆಬ್ಬಾಗಿಲಲ್ಲಿ ನಿಂತಿತು. ತಮ್ಮಂದಿರು ಇನ್ನೂ ಮಣಿದಿರಲಿಲ್ಲ. ಪೌದನಪುರದ ಬಾಹುಬಲಿಯೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ನಡೆದವು. ಮೂರರಲ್ಲೂ ಸೋತ ಭರತನಿಗೆ ಆ ಕ್ಷಣ ಕಂಡದ್ದು ಗೆಲುವೊಂದೇ. ಎದುರಿಗಿದ್ದ ಒಡಹುಟ್ಟಿದವನು ಕಾಣಲಿಲ್ಲ. ಚಕ್ರವನ್ನೇ ಪ್ರಯೋಗಿಸಿದನು. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು.

ವಿರಕ್ತನಾದ ಬಾಹುಬಲಿ ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತನು. ಬಳ್ಳಿಗಳು ಮೈಗೆ ಹಬ್ಬಿದವು, ಕಾಲ ಬಳಿ ಹುತ್ತಗಳು ಬೆಳೆದವು. ಉಡುಪಿ ಜಿಲ್ಲೆಯ ಕಾರ್ಕಳದ ಬಂಡೆಯ ಮೇಲೆ ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ ಏಕಶಿಲಾಮೂರ್ತಿ ಆ ನಿಲುವನ್ನೇ ಇಂದಿಗೂ ತೋರುತ್ತಿದೆ. ದೇಹ ಅಷ್ಟು ನಿಶ್ಚಲವಾಗಿದ್ದರೂ ಕೇವಲಜ್ಞಾನ ಒದಗಲಿಲ್ಲ. ನಿಂತ ನೆಲ ಅಣ್ಣನದೆಂಬ ಒಂದು ಅಳುಕು ಮನದಲ್ಲಿ ಉಳಿದಿತ್ತೆಂಬುದು ಜನಜನಿತ ಕಥೆ. ಭರತನು ಬಂದು ತಮ್ಮನ ಪಾದಗಳಿಗೆ ಎರಗಿದಾಗ ಆ ಶಲ್ಯ ಕಳಚಿತು, ಜ್ಞಾನ ಬೆಳಗಿತು.

ಒಂದು ಕೆಲಸದಿಂದ ಮತ್ತೊಂದಕ್ಕೆ ಹೊರಳಿದವನ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆಂದು ಮನೋವಿಜ್ಞಾನವೂ ಹೇಳುತ್ತದೆ. ಸೋಫಿ ಲೆರಾಯ್ 2009ರಲ್ಲಿ ಇದನ್ನು ಗಮನದ ಶೇಷವೆಂದು ಗುರುತಿಸಿದರು. ಏಕಕಾಲದಲ್ಲಿ ಹಲವನ್ನು ಮಾಡುತ್ತಿದ್ದೇವೆಂಬ ಭಾವನೆ ಬಹುಪಾಲು ಇಂತಹ ಹೊರಳಾಟವೇ; ಪ್ರತಿ ಹೊರಳಿನಲ್ಲೂ ಕಾಲ ನಷ್ಟ, ತಪ್ಪುಗಳ ಹೆಚ್ಚಳ. ಕೇವಲಿಯಲ್ಲಿ ದರ್ಶನ, ಜ್ಞಾನಗಳೆರಡೂ ಒಟ್ಟಿಗೆ ಪ್ರವರ್ತಿಸುತ್ತವೆ. ಛದ್ಮಸ್ಥ ಜೀವನಲ್ಲಿ ಒಂದಾದ ಮೇಲೊಂದು ಎಂಬುದು ದಿಗಂಬರ ಸಿದ್ಧಾಂತ. ಚಿಂತನೆಯನ್ನು ಒಂದೇ ವಿಷಯದಲ್ಲಿ ನಿಲ್ಲಿಸುವುದನ್ನೇ ತತ್ತ್ವಾರ್ಥಸೂತ್ರ ಧ್ಯಾನವೆಂದಿದೆ. ಅದಕ್ಕೂ ಅಂತರ್ಮುಹೂರ್ತದ, ಅಂದರೆ 48 ನಿಮಿಷದೊಳಗಿನ ಮಿತಿಯನ್ನು ಹೇಳಿದೆ.

ಹಾಗಾದರೆ ರಾಜ್ಯಭಾರ ಹೊತ್ತವನಿಗೆ ಆತ್ಮಚಿಂತನೆ ಸಾಧ್ಯವೇ ಎಂದು ಒಬ್ಬನು ಸಂಶಯಪಟ್ಟನಂತೆ. ಭರತನು ಅವನ ಕೈಗೆ ಎಣ್ಣೆ ತುಂಬಿದ ಬಟ್ಟಲನ್ನಿತ್ತು, ಒಂದು ತೊಟ್ಟು ಚೆಲ್ಲಿದರೂ ಪ್ರಾಣದಂಡನೆಯೆಂದು ವಿಧಿಸಿ, ನಗರ ಸುತ್ತಿ ಬರಲು ಕಳುಹಿಸಿದನು. ಬೀದಿಬೀದಿಗಳಲ್ಲಿ ನೃತ್ಯ, ವಾದ್ಯ, ಸಂತೆಯ ಸಡಗರ. ಎಣ್ಣೆ ಚೆಲ್ಲದೆ ಮರಳಿದವನಿಗೆ ಅವಾವುವೂ ಕಂಡಿರಲಿಲ್ಲ. ಕಾಲುಗಳು ಅಭ್ಯಾಸಬಲದಿಂದ ನಡೆದಿದ್ದವು, ಗಮನ ಮಾತ್ರ ಬಟ್ಟಲಲ್ಲೇ ಇತ್ತು. ವೈಭವದ ನಡುವೆ ತನ್ನ ಲಕ್ಷ್ಯ ಆತ್ಮನಲ್ಲಿರುವುದೂ ಹೀಗೆಯೇ ಎಂದು ಚಕ್ರವರ್ತಿ ತಿಳಿಯಪಡಿಸಿದನು. ಭರತನು ಎರಡು ಬಟ್ಟಲುಗಳನ್ನು ಹಿಡಿದವನಲ್ಲ. ಒಂದನ್ನೇ ಹಿಡಿದು, ಸಂತೆಯ ನಡುವೆ ನಡೆದವನು.

ಕಾರ್ಕಳದ ಭೈರರಸರ ಆಶ್ರಯದಲ್ಲಿದ್ದನೆಂದು ಪ್ರತೀತಿಯಿರುವ, ಮೂಡುಬಿದಿರೆಯ ರತ್ನಾಕರವರ್ಣಿ 16ನೆಯ ಶತಮಾನದಲ್ಲಿ ಈ ಭೋಗಯೋಗಿಯನ್ನೇ ನಾಯಕನನ್ನಾಗಿಸಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ರಚಿಸಿದನು.

ಒಂದು ದಿನ ಕನ್ನಡಿಯಲ್ಲಿ ನರೆಗೂದಲೊಂದು ಕಂಡಿತು. ಭರತನು ರಾಜ್ಯವನ್ನು ಮಗ ಅರ್ಕಕೀರ್ತಿಗೆ ಒಪ್ಪಿಸಿ ದೀಕ್ಷೆ ಪಡೆದನು. ತಮ್ಮನಿಗೆ ವರ್ಷ ಹಿಡಿದ ಜ್ಞಾನ ಅವನಿಗೆ ಅಂತರ್ಮುಹೂರ್ತದಲ್ಲೇ ಲಭಿಸಿತು. ಬಿಡಬೇಕಾದುದನ್ನು ಮನಸ್ಸು ಎಂದೋ ಬಿಟ್ಟಿತ್ತು. ಹಿಂದಕ್ಕೆಳೆಯುವ ಶೇಷ ಉಳಿದಿರಲಿಲ್ಲ. ಸಾಮಾಯಿಕಕ್ಕೆ ಕುಳಿತ ಶ್ರಾವಕನೂ ಕಣ್ಮುಚ್ಚುವ ಮುನ್ನ ಅರಸಬೇಕಾದುದು ಆ ಶೇಷವನ್ನೇ: ತೀರಿಸದ ಮಾತು, ಕೇಳದ ಕ್ಷಮೆ, ಕೆಳಗಿಡದ ಕೆಲಸ. ಅದು ಕಳಚಿದರೆ ಬಟ್ಟಲು ತುಳುಕದು.