ಧೋಂಡಿಯಾ ವಾಘ್: ದರೋಡೆಕೋರನೋ, ವೀರನೋ?

ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿನ ಸೆರೆಯಲ್ಲಿದ್ದ ಧೋಂಡಿಯಾ ವಾಘ್‌ನ ಕಥೆಯನ್ನೂ ತಿಳಿಯಿರಿ.

ಚನ್ನಗಿರಿಯ ಮರಾಠಾ ಮನೆತನದಲ್ಲಿ ಹುಟ್ಟಿದ ಈತ ಹೈದರಾಲಿಯ ಅಶ್ವದಳದಲ್ಲಿದ್ದವನು. ಮೂರನೇ ಮೈಸೂರು ಯುದ್ಧದ ವೇಳೆ ಸೇನೆ ತೊರೆದು ಧಾರವಾಡದ ಸೀಮೆಯಲ್ಲಿ ಲೂಟಿಗಿಳಿದ. 1794ರಲ್ಲಿ ಟಿಪ್ಪುವಿನ ಬಳಿಗೆ ಬಂದರೂ ಕೊನೆಗೆ ಸೆರೆಯಾಗಿ, ಮತಾಂತರಿಸಲ್ಪಟ್ಟು ಮಲಿಕ್ ಜಹಾನ್ ಖಾನ್ ಎನಿಸಿದ.

1799ರ ಮೇ 4ರಂದು ಕೋಟೆ ಬಿದ್ದಾಗ ಬಿಡುಗಡೆಯಾದ ಧೋಂಡಿಯಾ, ಟಿಪ್ಪುವಿನ ಚದುರಿದ ಸೈನಿಕರನ್ನು ಕೂಡಿಸಿ ಶಿವಮೊಗ್ಗ, ಬಿದನೂರು ಸೀಮೆಗಳನ್ನು ನಡುಗಿಸಿದ. ತಾನು ಉಭಯಲೋಕಾಧೀಶ್ವರನೆಂದು ಸಾರಿಕೊಂಡ. ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ಸೇನೆಯೊಡನೆ ಹೋರಾಡಿ 1800ರ ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ಮಡಿದ. ಅವನ ಎಳೆಯ ಮಗ ಸಲಾಬತ್ ಖಾನನ ಪೋಷಣೆಗೆ ವೆಲ್ಲೆಸ್ಲಿಯೇ ಹಣವಿಟ್ಟ.

ಬ್ರಿಟಿಷರಿಗೆ ಈತ ಕಳ್ಳ, ನಮ್ಮಲ್ಲಿ ಹಲವರಿಗೆ ಸ್ವಾತಂತ್ರ್ಯವೀರ. ಲೂಟಿಗೆ ಸಿಕ್ಕ ರೈತನಿಗೆ ಏನಾಗಿದ್ದನೋ? ಇತಿಹಾಸ ಓದುವಾಗ ಆ ಪ್ರಶ್ನೆಯನ್ನು ಮರೆಯದಿರಿ.