ಕತೆ ಹೇಳುತ್ತಿದ್ದ ಇನ್‌ಸ್ಪೆಕ್ಟರರು

ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಹಿಂದಿನ ಮಾಸ್ತರರಿಗೆ ನಡುಕ, ಮಕ್ಕಳಿಗೆ ಇನ್ನೂ ಹೆಚ್ಚು. ಆ ಹುದ್ದೆಯಲ್ಲಿದ್ದೂ ಮಕ್ಕಳ ಪ್ರೀತಿ ಗಳಿಸಿದವರು ಪಂಜೆ ಮಂಗೇಶರಾಯರು. ತನಿಖೆಗೆ ಹೋದ ಶಾಲೆಯಲ್ಲಿ ತಾವೇ ಹಾಡಿ, ಕತೆ ಹೇಳಿ ಬರುತ್ತಿದ್ದರೆಂದು ಹಿರಿಯರಿಂದ ನಾವು ಕೇಳಿದ್ದೇವೆ. ಆಗ ಕಾಸರಗೋಡು, ಮಂಗಳೂರು ಒಂದೇ ಜಿಲ್ಲೆ.

1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ರಾಯರ ಮನೆಮಾತು ಕೊಂಕಣಿ, ಊರಿನ ಮಾತು ತುಳು. ಕನ್ನಡದ ಓದು ದೊರೆತದ್ದು ಶಾಲೆಯಲ್ಲಿ. ನಮ್ಮ ತರಗತಿಯ ಎಷ್ಟೋ ಮಕ್ಕಳ ಸ್ಥಿತಿಯೂ ಇದೇ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ, ಪೇಟೆಯಲ್ಲಿ ಮಲಯಾಳ. ಶಾಲೆಯ ಕನ್ನಡ ರುಚಿಸದಿದ್ದರೆ ಆ ಮಗು ಮತ್ತೆ ಅದರತ್ತ ತಿರುಗದು. ರಾಯರು ರುಚಿ ಹತ್ತಿಸಿದರು. ಅಂಗಳದಲ್ಲಿ ಮೀನು ಒಣಗಿಸುವ ಕಡಲಕರೆಯ ಮಗುವಿಗೆ ‘ಸಿಗಡಿ ಯಾಕೆ ಒಣಗಲಿಲ್ಲ’ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದ ಇಲಿಗಳೂ ಅವರ ‘ಇಲಿಗಳ ಥಕಥೈ’ಯಲ್ಲಿ ನಮ್ಮೂರ ಅಟ್ಟದ ಇಲಿಗಳೇ ಆದುವು.

ಮಕ್ಕಳಿಗೆ ಓದಲು ಪುಸ್ತಕಗಳೇ ವಿರಳವಾಗಿದ್ದ ಕಾಲವದು. 1921ರಲ್ಲಿ ಮಂಗಳೂರಿನಲ್ಲಿ ಗೆಳೆಯರೊಡನೆ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದಾಗ ಕೊಡವರ ಸುಗ್ಗಿಯ ಹಬ್ಬ ಅವರ ಮನಸ್ಸನ್ನು ಸೆಳೆಯಿತು. ‘ಹುತ್ತರಿ ಹಾಡ’ನ್ನು ಕೊಡಗಿನವರು ಇಂದಿಗೂ ತಮ್ಮ ನಾಡಿನ ಹಾಡೆಂದೇ ಹಾಡುತ್ತಾರೆ. ಊರಿಗೆ ಹೊರಗಿನಿಂದ ಬಂದ ಮಾಸ್ತರರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೆ?

‘ಕವಿಶಿಷ್ಯ’ನೆಂದು ಬರೆಯುತ್ತಿದ್ದ ಈ ವಿನಯವಂತರು 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಕಾಸರಗೋಡು ಕೇರಳಕ್ಕೆ ಸೇರಿದ್ದು ಅದಾಗಿ 19 ವರ್ಷಗಳ ಮೇಲೆ. ತರಗತಿಯಲ್ಲಿ ‘ನಾಗರಹಾವೆ’ ಹಾಡಿಸುವಾಗ ಮಾತ್ರ, ಯಾವ ಮಗುವಿನ ಮನೆಮಾತು ಯಾವುದೆಂದು ನಮಗೆ ತಿಳಿಯುವುದೇ ಇಲ್ಲ.