ಮರಿಯಾ ಮಿಚೆಲಮ್ಮನವರು: ಪಾಠದ ಗಂಟೆಯ ಆಚೆಗಿನ ಕಲಿಕೆ

ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಒಪ್ಪಿದ ತಂದೆತಾಯಿಗಳಲ್ಲಿಯೂ ಅನೇಕರು ಒಂದು ವಿಷಯದಲ್ಲಿ ಸಂಶಯಪಡುತ್ತಾರೆ. ಪಾಠಗಳು ಮುಗಿದ ಮೇಲೆ ಹುಡುಗಿಯರು ಕೂಟಗಳನ್ನು ಮಾಡಿಕೊಂಡು ಹಾಡುವದೂ, ಗಿಡಗಳನ್ನು ಬೆಳಿಸುವದೂ, ಪಕ್ಷಿಗಳನ್ನಾಗಲಿ ನಕ್ಷತ್ರಗಳನ್ನಾಗಲಿ ನೋಡುತ್ತಾ ಕಾಲ ಕಳೆಯುವದೂ ಏನು ಪ್ರಯೋಜನವೆಂದು ಕೇಳುತ್ತಾರೆ. ಈ ಪ್ರಶ್ನೆಗೆ ನಾವು ವಾದದಿಂದಲ್ಲ, ಒಬ್ಬ ಸ್ತ್ರೀಯ ಚರಿತ್ರೆಯಿಂದ ಉತ್ತರ ಕೊಡಲು ಇಷ್ಟಪಡುತ್ತೇವೆ.

ಅಮೇರಿಕಾ ದೇಶದ ಮೂಡಣ ಕರೆಯ ಎದುರಿಗೆ ನಾಂಟಕೆಟ್ ಎಂಬ ಚಿಕ್ಕ ದ್ವೀಪವುಂಟು. ಮರಿಯಾ ಮಿಚೆಲಮ್ಮನವರು 1818ನೇ ಇಸವಿ ಆಗಸ್ಟ್ 1ರಲ್ಲಿ ಅಲ್ಲಿ ಹುಟ್ಟಿದರು. ಹತ್ತು ಮಂದಿ ಮಕ್ಕಳುಳ್ಳ ಆ ಕುಟುಂಬದವರು ಕ್ವೇಕರರೆಂಬ ಕ್ರೈಸ್ತ ಪಂಗಡಕ್ಕೆ ಸೇರಿದವರು. ಗಂಡಿಗೆ ಹೇಗೋ ಹೆಣ್ಣಿಗೂ ಹಾಗೆಯೇ ವಿದ್ಯೆ ಬೇಕೆಂಬದು ಆ ಪಂಗಡದ ಪದ್ಧತಿಯಾಗಿತ್ತು. ದ್ವೀಪದ ಗಂಡಸರು ತಿಮಿಂಗಿಲಗಳನ್ನು ಬೇಟೆಯಾಡುವದಕ್ಕೆ ಹಡಗುಗಳಲ್ಲಿ ವರುಷಗಟ್ಟಲೆ ದೂರದ ಸಮುದ್ರಗಳಿಗೆ ಹೋಗುತ್ತಿದ್ದರು. ದಿಕ್ಕು ತಪ್ಪದೆ ತಿರಿಗಿ ಬರಬೇಕಾದರೆ ಹಡಗಿನ ಗಡಿಯಾರವು ಸರಿಯಾಗಿರಬೇಕು. ಮರಿಯಾರವರ ತಂದೆಯಾದ ವಿಲ್ಯಂ ಮಿಚೆಲರು ನಕ್ಷತ್ರಗಳನ್ನು ನೋಡಿ ಆ ಗಡಿಯಾರಗಳನ್ನು ಸರಿಪಡಿಸಿ ಕೊಡುತ್ತಿದ್ದರು. ಮನೆಗೆಲಸವಾದ ಮೇಲೆ ಮಗಳು ತಂದೆಯ ಪಕ್ಕದಲ್ಲಿ ನಿಂತು ಅದನ್ನು ಕಲಿತಳು. 1831ರ ಫೆಬ್ರವರಿಯಲ್ಲಿ ಸೂರ್ಯಗ್ರಹಣವಾದಾಗ ತಂದೆಯು ದೂರದರ್ಶಕದಲ್ಲಿ ನೋಡುತ್ತಿರಲು, ಹನ್ನೆರಡು ವಯಸ್ಸಿನ ಆ ಹುಡುಗಿಯು ಗಡಿಯಾರದ ಮುಂದೆ ಕೂತು ಕ್ಷಣಗಳನ್ನು ಎಣಿಸಿದಳು. ಯಾವ ಶಾಲೆಯ ಪಟ್ಟಿಯಲ್ಲಿಯೂ ಇಲ್ಲದ ಪಾಠವಿದು.

ಆಕೆಯು 1835ರಲ್ಲಿ ಸ್ವಂತ ಶಾಲೆಯನ್ನು ತೆರೆದಳು. ಊರಿನ ಬೇರೆ ಶಾಲೆಗಳು ಕಪ್ಪುಜನರ ಮಕ್ಕಳನ್ನು ಬೇರ್ಪಡಿಸಿದ್ದ ಆ ಕಾಲದಲ್ಲಿ ಅವರನ್ನೂ ಸೇರಿಸಿಕೊಂಡಳು. ಮರುವರುಷ ಊರಿನ ಪುಸ್ತಕಾಲಯದ ಪಾಲಕಿಯಾಗಿ ಇಪ್ಪತ್ತು ವರುಷಗಳ ತನಕ ಆ ಕೆಲಸ ಮಾಡಿದಳು. ಹಗಲು ಪುಸ್ತಕಗಳು, ರಾತ್ರಿ ಮನೆಯ ಮಾಳಿಗೆಯ ಮೇಲೆ ಆಕಾಶ. ಹೀಗೆ ಆಕೆಯ ದಿನಗಳು ಸಾಗಿದವು. 1847ನೇ ಅಕ್ಟೋಬರ್ 1ರ ರಾತ್ರಿ ಮನೆಗೆ ಅತಿಥಿಗಳು ಬಂದಿದ್ದರೂ ಆಕೆಯು ಮೆಲ್ಲನೆ ಮಾಳಿಗೆಗೆ ಏರಿ, ಧ್ರುವನಕ್ಷತ್ರದ ಸಮೀಪದಲ್ಲಿ ಅದು ವರೆಗೆ ಯಾರೂ ಕಾಣದಿದ್ದ ಧೂಮಕೇತುವನ್ನು ಕಂಡಳು. ಎರಡು ದಿವಸಗಳಾದ ಮೇಲೆ ರೋಮಾಪುರದ ಪಂಡಿತನೊಬ್ಬನು ಅದನ್ನೇ ಕಂಡು ಮೊದಲು ವರದಿಮಾಡಿದನು. ಆದರೂ ವಿಚಾರಣೆಯಾಗಿ, ಡೆನ್ಮಾರ್ಕಿನ ಅರಸನು ನೇಮಿಸಿದ್ದ ಚಿನ್ನದ ಪದಕವು 1848ರಲ್ಲಿ ಆಕೆಗೇ ದೊರೆಯಿತು.

1865ರಲ್ಲಿ ನ್ಯೂಯಾರ್ಕ್ ಸೀಮೆಯ ಪೊಕಿಪ್ಸಿ ಎಂಬ ಊರಲ್ಲಿ ಮ್ಯಾಥ್ಯೂ ವಾಸರ್ ಎಂಬ ಧನವಂತನು ಹೆಣ್ಣುಮಕ್ಕಳಿಗಾಗಿ ಸ್ಥಾಪಿಸಿದ ಕಾಲೇಜು ಆರಂಭವಾಯಿತು. ತಾನೇ ಕಾಲೇಜಿನ ಮುಖ ಕಾಣದಿದ್ದ ಮಿಚೆಲಮ್ಮನವರು ಅಲ್ಲಿ ಖಗೋಲಶಾಸ್ತ್ರದ ಪಂಡಿತೆಯಾಗಿ ನೇಮಕವಾದರು. ಗುಮ್ಮಟವುಳ್ಳ ಒಂದು ವೀಕ್ಷಣಾಲಯವೂ, ಅದರಲ್ಲಿ 12 ಅಂಗುಲ ಗಾಜಿನ ದೊಡ್ಡ ದೂರದರ್ಶಕವೂ ಇದ್ದವು. ವೃದ್ಧ ತಂದೆಯೊಂದಿಗೆ ಅವರು ಅಲ್ಲಿಯೇ ವಾಸಮಾಡಿದರು.

ಆ ಕಾಲೇಜಿನಲ್ಲಿ ಏಳುವದು, ಉಣ್ಣುವದು, ಪ್ರಾರ್ಥಿಸುವದು, ಮಲಗುವದು ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತಿತ್ತು. ನಕ್ಷತ್ರಗಳಾದರೋ ಗಂಟೆಗೆ ವಿಧೇಯವಾಗುವವುಗಳಲ್ಲ. ಮಿಚೆಲಮ್ಮನವರು ಅತಿಯಾದ ನಿಯಮಗಳನ್ನು ಮೆಚ್ಚದೆ, ಹುಡುಗಿಯರಿಗೆ ಅಂಕಗಳನ್ನು ಕೊಡುವ ಪದ್ಧತಿಯನ್ನೂ ಬಿಟ್ಟರು. ಅಂಕಕ್ಕಾಗಿ ನೋಡುವ ಕಣ್ಣು ಅಂಕ ದೊರೆತ ಕೂಡಲೆ ಮುಚ್ಚಿಹೋಗುವದು. ಆಶೆಯಿಂದ ನೋಡುವ ಕಣ್ಣು ಮುಪ್ಪಿನ ತನಕ ತೆರೆದಿರುವದು. ಅವರ ಶಿಷ್ಯೆಯರು ಚಳಿಯ ರಾತ್ರಿಗಳಲ್ಲಿ ಗುರು ಶನಿ ಗ್ರಹಗಳನ್ನು ನೋಡಿ ಬರೆದಿಟ್ಟರು. ಹಗಲಲ್ಲಿ ಸೂರ್ಯನ ಕಲೆಗಳ ಛಾಯಾಚಿತ್ರಗಳನ್ನು ತೆಗೆದರು.

ವರುಷಕ್ಕೊಮ್ಮೆ ಗುಮ್ಮಟದ ಕೆಳಗೆ ಒಂದು ಕೂಟವು ನಡೆಯುತ್ತಿತ್ತು. ದೂರದರ್ಶಕದ ಸುತ್ತಲೂ ಚಿಕ್ಕ ಮೇಜುಗಳನ್ನಿಟ್ಟು ಹಳೆಯ ಶಿಷ್ಯೆಯರೂ ಹೊಸಬರೂ ಕೂಡಿ ಉಂಡು, ಒಬ್ಬರ ಮೇಲೊಬ್ಬರು ವಿನೋದದ ಪದ್ಯಗಳನ್ನು ಕಟ್ಟಿ ಹಾಡುತ್ತಿದ್ದರು. ಗುರುಮಾತೆಯೂ ಬಂದವರಿಗಾಗಿ ಪದ್ಯಗಳನ್ನು ಬರೆಯುತ್ತಿದ್ದರು. ಬೇರೆ ಸಂಜೆಗಳಲ್ಲಿ ಹೆಸರಾಂತ ಸ್ತ್ರೀಯರು ಅಲ್ಲಿಗೆ ಬಂದು ಸ್ತ್ರೀಯರ ಹಕ್ಕುಗಳ ವಿಷಯವಾಗಿ ಮಾತಾಡುವದುಂಟು. ಮಿಚೆಲಮ್ಮನವರಿಗೆ ಇದು ಬರೀ ಮಾತಾಗಿರಲಿಲ್ಲ. ತಮಗಿಂತ ಕಿರಿಯರಾದ ಪುರುಷ ಪಂಡಿತರಿಗೆ ತಮಗಿಂತ ಹೆಚ್ಚಿನ ಸಂಬಳ ಸಿಕ್ಕುವದನ್ನು ತಿಳಿದಾಗ ಅವರು ಸುಮ್ಮನಿರದೆ ಕೇಳಿ ಹೆಚ್ಚಿಸಿಕೊಂಡರು.

ಗ್ರಹಣಗಳನ್ನು ನೋಡುವದಕ್ಕೆ ಅವರು ಶಿಷ್ಯೆಯರನ್ನು ದೂರ ದೇಶಕ್ಕೂ ಕರಕೊಂಡು ಹೋದರು. 1869ರಲ್ಲಿ ಅಯೋವಾ ಸೀಮೆಯ ಬರ್ಲಿಂಗ್ಟನಿಗೂ, 1878ರ ಜುಲೈಯಲ್ಲಿ ಪರ್ವತಗಳ ಬುಡದಲ್ಲಿರುವ ಡೆನ್ವರ್ ಪಟ್ಟಣಕ್ಕೂ ಪ್ರಯಾಣಮಾಡಿದರು. ಎರಡನೆಯ ಪ್ರಯಾಣದಲ್ಲಿ ಅವರಿಗೆ 60 ವರುಷ ತುಂಬುತ್ತಲಿತ್ತು. ರೈಲಿನಲ್ಲಿ ಬರಬೇಕಾದ ಸಾಮಾನುಗಳು ದಾರಿಯಲ್ಲಿ ತಡವಾಗಿ ಎಲ್ಲರೂ ಕಳವಳಪಟ್ಟರು. ಆದರೂ ಸಮಯಕ್ಕೆ ಬಂದು ಮುಟ್ಟಿದವು. ಸೂರ್ಯನು ಪೂರ್ಣವಾಗಿ ಮರೆಯಾದದ್ದು ಮೂರು ನಿಮಿಷಕ್ಕಿಂತಲೂ ಕಡಿಮೆ. ಅಷ್ಟಕ್ಕಾಗಿ ಸ್ತ್ರೀಯರ ಒಂದು ಗುಂಪು ತಾವೇ ದೂರದರ್ಶಕಗಳನ್ನು ನಿಲ್ಲಿಸಿಕೊಂಡು ಕಾದು ನಿಂತದ್ದನ್ನು ಆ ಕಾಲದ ಜನರು ಆಶ್ಚರ್ಯದಿಂದ ನೋಡಿದರು. ಹೆಚ್ಚು ವಿದ್ಯೆಯು ಹೆಣ್ಣಿನ ಶರೀರಕ್ಕೆ ಕೇಡೆಂದು ವೈದ್ಯರೂ ಬರೆಯುತ್ತಿದ್ದ ದಿನಗಳವು.

ಇದರ ಫಲವೇನು? ಮೇರಿ ವಿಟ್ನಿ ಎಂಬ ಶಿಷ್ಯೆಯು ಗುರುಮಾತೆಯ ತರುವಾಯ ಅದೇ ವೀಕ್ಷಣಾಲಯದ ಪಂಡಿತೆಯಾದಳು. ಅಂತೋನಿಯಾ ಮೋರಿ ಎಂಬಾಕೆಯು ನಕ್ಷತ್ರಗಳ ಬೆಳಕನ್ನು ಪರೀಕ್ಷಿಸಿ ಅವುಗಳನ್ನು ವಿಂಗಡಿಸುವ ಕ್ರಮವನ್ನು 1897ರಲ್ಲಿ ಪ್ರಕಟಿಸಿದಳು. ಎಲೆನ್ ಸ್ವಾಲೋ ಎಂಬಾಕೆಯು ನಕ್ಷತ್ರಗಳನ್ನು ಬಿಟ್ಟು ರಸಾಯನಶಾಸ್ತ್ರಕ್ಕೆ ಹೋಗಿ, ಜನರು ಕುಡಿಯುವ ನೀರಿನ ಶುದ್ಧಿಯನ್ನು ಪರೀಕ್ಷಿಸುವ ಕೆಲಸದಲ್ಲಿ ಪ್ರಸಿದ್ಧಳಾದಳು. ನೋಡುವ ಅಭ್ಯಾಸವು ಒಂದೇ ಆಗಿತ್ತು. ನೋಡಿದ ವಸ್ತು ಮಾತ್ರ ಬೇರೆ.

ಮಿಚೆಲಮ್ಮನವರು 1888ರ ಕೊನೆಯಲ್ಲಿ ಕೆಲಸವನ್ನು ಬಿಟ್ಟು, 1889ನೇ ಜೂನ್ 28ರಲ್ಲಿ ತೀರಿಕೊಂಡರು. ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರನ್ನಿಟ್ಟಿದ್ದಾರೆ. 1902ರಲ್ಲಿ ಸ್ಥಾಪಿತವಾದ ಒಂದು ಸಂಘವು ನಾಂಟಕೆಟಿನಲ್ಲಿ ಅವರು ಹುಟ್ಟಿದ ಮನೆಯನ್ನು ಕಾಪಾಡಿಕೊಂಡು ಬಂದಿದೆ.

ಮಳೆಯ ನಕ್ಷತ್ರಗಳನ್ನು ಎಣಿಸಿ ಬಿತ್ತುವ ನಮ್ಮ ಒಕ್ಕಲಿಗರಿಗೆ ಆಕಾಶವು ಹೊಸದಲ್ಲ. ಆದರೆ ಅದನ್ನು ಮಗನಿಗೆ ತೋರಿಸುವವರು ಮಗಳಿಗೂ ತೋರಿಸುವರೋ? ದೂರದರ್ಶಕವನ್ನು ಕೊಡಲು ನಮ್ಮಿಂದಾಗದಿರಬಹುದು. ಆದರೆ ಗಡಿಯಾರದ ಮುಂದೆ ಮಗಳನ್ನು ಕೂರಿಸಿ ಆಕೆಯ ಎಣಿಕೆಯನ್ನು ನಂಬಿದ ಆ ತಂದೆಯು ಕೊಟ್ಟದ್ದನ್ನು ನಾವೂ ಕೊಡಬಹುದು. ಶಾಲೆಯಿಂದ ಬಂದ ಹುಡುಗಿಯು ಪಾಠಕ್ಕೆ ಸೇರದ ಯಾವದನ್ನಾದರೂ ಆಸಕ್ತಿಯಿಂದ ಹೇಳಲು ಬಂದಾಗ ಆಕೆಯನ್ನು ಗದರಿಸದೆ, ಒಂದು ಗಳಿಗೆ ಕೂತು ಕೇಳಿರಿ.